ಅಳಿವೆಯ ಬಾಯಿಗೆ ಎರಡು ಗುರುತುಕಂಬ ಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಮಂಗಳೂರಿನವರೊಬ್ಬರ ಪತ್ರ ಓದಿದೆ. ಹಾಯಿದೋಣಿಯಲ್ಲಿ ಕರಾವಳಿ ಸುತ್ತುವುದು ದುಡ್ಡು ಹೆಚ್ಚಾದವರ ಚಟ, ಅಂಥವರ ಅನುಕೂಲಕ್ಕೆ ಸರಕಾರ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಎಂದು ಅವರು ಬರೆದಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಐದು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಾಲ್ಕು ವರ್ಷ ಈ ಕಡಲಿನಲ್ಲಿ ಹಾಯಿ ಬಿಚ್ಚಿ ಓಡಾಡಿದ ಮೇಲೆ, ಕಳೆದ ಜನವರಿಯಲ್ಲಿ ನಮ್ಮದೇ ಊರಿನ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಒಡಹುಟ್ಟಿದ ತಮ್ಮನನ್ನು ಕಣ್ಣೆದುರೇ ಕಳೆದುಕೊಳ್ಳುವುದರಲ್ಲಿದ್ದ ಮೇಲೆ, ಸುಮ್ಮನೆ ಕುಳಿತಿರಲು ಆಗುತ್ತಿಲ್ಲ. ಪತ್ರ ಉದ್ದವಾಗಿದೆ. ಆದರೂ ಪೂರ್ತಿಯಾಗಿ ಪ್ರಕಟಿಸಬೇಕೆಂದು ವಿನಂತಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದವಳು. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದೆ. ತಮ್ಮ ಸರಕು ಹಡಗುಗಳಲ್ಲಿ ದುಡಿದು ಊರಿಗೆ ಮರಳಿದವನು. ಬಂದ ವರ್ಷವೇ ಗೋವಾದಿಂದ ಹದಿನೆಂಟು ಅಡಿಯ ಒಂದು ಹಳೆಯ ಫೈಬರ್ ಹಾಯಿದೋಣಿಯನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದ. ಅದರ ಬೆಲೆ ಒಂದು ಹಳೆಯ ಕಾರಿನ ಬೆಲೆಗಿಂತ ಕಡಿಮೆ. ಹರಿದ ಹಾಯಿಯನ್ನು ನನ್ನ ಮನೆಯ ಹೊಲಿಗೆ ಯಂತ್ರದಲ್ಲಿ ನಾನೇ ಹೊಲಿದೆ. ತಳಕ್ಕೆ ಅಂಟಿದ ಚಿಪ್ಪುಗಳನ್ನು ಇಬ್ಬರೂ ಸೇರಿ ಕೆರೆದು ಬಣ್ಣ ಬಳಿದೆವು. ಚಂದ್ರಗಿರಿ ಹೊಳೆಯ ಇನ್ನೊಂದು ಹೆಸರನ್ನೇ ಇಟ್ಟು ‘ಪಯಸ್ವಿನಿ’ ಎಂದು ಕರೆದೆವು. ಶಿರಿಯಾ ಹೊಳೆಯಲ್ಲಿ, ಸೇತುವೆಗಳಿಗೆ ಪಡುವಲ್ಲಿ, ತೆಂಗಿನ ಮರವೊಂದಕ್ಕೆ ಹಗ್ಗ ಬಿಗಿದು ಅದನ್ನು ನಿಲ್ಲಿಸುತ್ತೇವೆ. ದುಡ್ಡು ಹೆಚ್ಚಾದವರ ಕಥೆ ಇಷ್ಟೇ.

ನನ್ನನ್ನು ದೋಣಿ ಹತ್ತಿಸಿದ್ದು ತಮ್ಮನ ಒತ್ತಾಯಕ್ಕಿಂತ ಹೆಚ್ಚಾಗಿ ಒಂದು ಪಾಠ. ನೆಲಗಾಳಿ ಮತ್ತು ಕಡಲಗಾಳಿ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಆ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ರಾತ್ರಿ ಇದು ತಿರುಗುಮುರುಗಾಗುತ್ತದೆ. ಹಲಗೆಯ ಮೇಲೆ ಬಾಣದ ಗುರುತು ಎಳೆದು ಸಾವಿರಾರು ಮಕ್ಕಳಿಗೆ ಇದನ್ನು ಹೇಳಿಕೊಟ್ಟಿದ್ದೇನೆ. ನಮ್ಮ ಶಾಲೆಯ ಕಿಟಕಿಯಿಂದಲೇ ಕಡಲು ಕಾಣುತ್ತಿತ್ತು. ಆದರೂ ಆ ಬಾಣ ನನ್ನ ಕೆನ್ನೆಗೆ ತಾಗಿದ್ದು ಮೊದಲ ಬಾರಿ ಚುಕ್ಕಾಣಿ ಹಿಡಿದು ಕುಳಿತ ದಿನ. ಬೆಳಿಗ್ಗೆ ಬೆನ್ನಿಗೆ ಬೀಸುತ್ತಿದ್ದ ಮೂಡುಗಾಳಿ ಒಂಬತ್ತಕ್ಕೆ ನಿಂತಿತು. ಕಡಲು ಎಣ್ಣೆ ಸುರಿದ ಹಾಗೆ ನುಣುಪಾಯಿತು. ಹನ್ನೊಂದೂವರೆಯ ಹೊತ್ತಿಗೆ ಪಡುವಣದ ಅಂಚಿನಲ್ಲಿ ಕಡುನೀಲಿಯ ಒಂದು ಗೆರೆ ಕಾಣಿಸಿ, ಅದು ನಮ್ಮ ಕಡೆಗೇ ಸರಿದು ಬಂತು. ಆ ಗೆರೆ ದೋಣಿಯನ್ನು ಮುಟ್ಟಿದ ಕ್ಷಣ ಹಾಯಿ ತುಂಬಿತು. ಸಂಜೆಯಾಗುತ್ತಾ ಆ ಗಾಳಿ ಪಡುವಣದಿಂದ ವಾಯವ್ಯಕ್ಕೆ ತಿರುಗಿತು. ಇಷ್ಟು ವರ್ಷ ಓದಿಸಿದ್ದನ್ನು ನಾನು ಅವತ್ತು ಕಲಿತೆ.

ನಮ್ಮ ಕರಾವಳಿಯಲ್ಲಿ ಹಾಯಿದೋಣಿಯ ಸುಖವೂ ಕಷ್ಟವೂ ಈ ಎರಡು ಗಾಳಿಗಳಲ್ಲಿವೆ. ಡಿಸೆಂಬರಿನಿಂದ ಫೆಬ್ರವರಿಯ ತನಕ ಆಕಾಶ ತಿಳಿಯಾಗಿರುತ್ತದೆ, ಕಡಲು ಸೌಮ್ಯವಾಗಿರುತ್ತದೆ. ಮಧ್ಯಾಹ್ನದ ವಾಯವ್ಯದ ಗಾಳಿ ತೆಂಕಿಗೆ ಹೋಗುವವರನ್ನು ಕೈ ಹಿಡಿದು ಕರೆದೊಯ್ಯುತ್ತದೆ. ಅದೇ ಗಾಳಿ ಬಡಗಿಗೆ ಮರಳುವವರ ಮುಖಕ್ಕೆ ಹೊಡೆಯುತ್ತದೆ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹಾವು ಹರಿದಂತೆ ಓರೆಯಾಗಿ ಹರಿಯಬೇಕು. ನಮ್ಮಂಥ ಸಣ್ಣ ದೋಣಿಗೆ ಹತ್ತು ಮೈಲಿಯ ದಾರಿ ಇಪ್ಪತ್ತು ಮೈಲಿಯಾಗುತ್ತದೆ. ಮೇ ಬಂದರೆ ಗಾಳಿಯ ಗುಣವೇ ಬದಲಾಗುತ್ತದೆ. ತುಳುನಾಡಿನ ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾವು ಹಾಯಿ ಕಟ್ಟುವ ಕೂವೆಮರ ಇಳಿಸಿ ದೋಣಿಯನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದೆಸುತ್ತೇವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ದಂಡೆಯನ್ನು ಹೇಗೆ ಕಿತ್ತುಕೊಂಡು ಹೋಯಿತೆಂಬುದನ್ನು ಕಂಡವರು ಮೇ ಕೊನೆಯ ಕಡಲನ್ನು ನಂಬುವುದಿಲ್ಲ.

ಇನ್ನು ಆ ಜನವರಿಯ ಪ್ರಯಾಣ. ಕುಂಬಳೆಯಿಂದ ನೀಲೇಶ್ವರಕ್ಕೆ, ಅಲ್ಲಿರುವ ನಮ್ಮ ಸೋದರತ್ತೆಯ ಮನೆಗೆ. ಬಸ್ಸಿನಲ್ಲಿ ಹೋದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದಾದ ದಾರಿ. ಕಡಲಿನಲ್ಲಿ ಸುಮಾರು ಇಪ್ಪತ್ತೈದು ನಾಟಿಕಲ್ ಮೈಲಿ. ನಮ್ಮ ದೋಣಿಯ ವೇಗ ಒಳ್ಳೆಯ ಗಾಳಿಯಲ್ಲಿ ನಾಲ್ಕು ನಾಟ್, ಅಂದರೆ ಗಂಟೆಗೆ ಏಳು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಸೈಕಲ್ ತುಳಿಯುವ ಹುಡುಗ ನಮ್ಮನ್ನು ಹಿಂದೆ ಹಾಕುತ್ತಾನೆ. ಎರಡು ಕ್ಯಾನ್ ನೀರು, ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಮಾವಿನ ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡೆ. ಲೈಫ್ ಜಾಕೆಟ್ ತೊಡದೆ ದೋಣಿಯಲ್ಲಿ ಕಾಲಿಡುವಂತಿಲ್ಲ ಎಂಬುದು ತಮ್ಮನ ಕಟ್ಟುನಿಟ್ಟು. ನಮ್ಮ ಬಳಿ ವಿ.ಎಚ್.ಎಫ್. ರೇಡಿಯೊ ಇದೆ, ಅದರ 16ನೇ ಚಾನೆಲ್ ತುರ್ತು ಕರೆಗೆ ಮೀಸಲು. ತಟರಕ್ಷಣಾ ಪಡೆಯ 1554 ಸಂಖ್ಯೆಯನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದೇವೆ. ಕಡಲಿಗೆ ಹೋಗುವ ಯಾರೇ ಆಗಲಿ ಅದನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಹೋಗುವ ದಿನ ಏನೂ ತೊಂದರೆಯಾಗಲಿಲ್ಲ. ಕಾಸರಗೋಡು ದಾಟಿದ ಮೇಲೆ ಎಡಕ್ಕೆ ಚಂದ್ರಗಿರಿ ಅಳಿವೆ, ಮುಂದೆ ಬೇಕಲ ಕೋಟೆ. ನಾನು ಬೇಕಲಕ್ಕೆ ಮಕ್ಕಳನ್ನು ಎಷ್ಟು ಸಲ ಪ್ರವಾಸ ಕರೆದೊಯ್ದಿದ್ದೇನೋ ಲೆಕ್ಕವಿಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಎಂದು ಗೋಡೆಗೆ ಬೆನ್ನು ಕೊಟ್ಟು ಹೇಳುತ್ತಿದ್ದೆ. ಕಡಲಿನಿಂದ ನೋಡಿದರೆ ಆ ಕೋಟೆ ಬೇರೆಯೇ. ನೆಲದಿಂದ ನೋಡುವಾಗ ಅದೊಂದು ಉದ್ಯಾನ. ಕಡಲಿನಿಂದ ನೋಡುವಾಗ ಕೆಂಪು ಕಲ್ಲಿನ ಒಂದು ಮುಷ್ಟಿ ನೀರಿನೊಳಕ್ಕೆ ಚಾಚಿ ನಿಂತಿದೆ. ಬಡಗಿನಿಂದ ಬಂದರೂ ತೆಂಕಿನಿಂದ ಬಂದರೂ ಅದರ ಕಣ್ಣು ತಪ್ಪಿಸಿ ಯಾವ ಹಾಯಿಯೂ ಹಾದುಹೋಗಲಾರದು. ಮಲೆನಾಡಿನ ಒಬ್ಬ ಅರಸ ಘಟ್ಟ ಇಳಿದು ಬಂದು ಈ ಜಾಗವನ್ನೇ ಯಾಕೆ ಆರಿಸಿದ ಎಂಬುದು ಅರ್ಥವಾಗಲು ನನಗೆ ಐವತ್ತೆಂಟು ವರ್ಷ ಹಿಡಿಯಿತು. ಅವತ್ತು ನನ್ನ ಪಕ್ಕದಲ್ಲಿ ಒಂದು ತರಗತಿಯ ಮಕ್ಕಳಿರಬೇಕಿತ್ತು ಎಂದು ಹೊಟ್ಟೆಯೊಳಗೆ ಸಂಕಟವಾಯಿತು.

ಇಳಿಹೊತ್ತಿಗೆ ತೆಂಕಿನ ಮಬ್ಬಿನಲ್ಲಿ ಏಳಿಮಲೆಯ ನೆರಳು ಕಾಣಿಸಿತು. ಈಗ ಅಲ್ಲಿ ನೌಕಾ ಅಕಾಡೆಮಿ ಇದೆ. ಆದರೆ ಶತಮಾನಗಳಿಂದ ಕಡಲಿನವರಿಗೆ ಅದೊಂದು ಮೈಲಿಗಲ್ಲು. ತಗ್ಗಾದ ಈ ತೀರದಲ್ಲಿ ಕಡಲಿಗೆ ಹಣೆಯೊಡ್ಡಿ ನಿಂತ ಬೆಟ್ಟ ಅದೊಂದೇ. ಭರತದ (ಉಬ್ಬರದ) ನೀರಿನೊಂದಿಗೆ ಅಳಿತ್ತಲದ ಅಳಿವೆಯೊಳಗೆ ಸೇರಿ ತೇಜಸ್ವಿನಿಯ ಹಿನ್ನೀರಿನಲ್ಲಿ ಲಂಗರು ಹಾಕಿದಾಗ ಮಸೀದಿಯಲ್ಲಿ ಸಂಜೆಯ ಬಾಂಗು ಕೇಳಿಸುತ್ತಿತ್ತು.

ಅತ್ತೆಯ ಮನೆಯಲ್ಲಿ ಕೆಲವು ದಿನ ಇದ್ದು ಹೊರಟೆವು. ಮರಳಿ ಬರುವ ದಾರಿ ಹಾಗಿರಲಿಲ್ಲ. ಮೊದಲ ದಿನ ಮಧ್ಯಾಹ್ನ ವಾಯವ್ಯದ ಗಾಳಿಗೆ ಎದುರಾಗಿ ಐದು ಗಂಟೆ ಹರಿದಾಡಿದರೂ ಹೊಸದುರ್ಗದ, ಅಂದರೆ ಕಾಞಂಗಾಡಿನ, ತೆಂಗಿನ ಸಾಲು ಇದ್ದಲ್ಲೇ ಇತ್ತು. ಪ್ರತಿ ಅಲೆಗೂ ಮೂತಿ ಬಡಿದು ನೀರು ಮೈಮೇಲೆ ಸುರಿಯುತ್ತಿತ್ತು. ಓಕರಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಹೆಂಗಸಿಗೆ ತೆರೆದ ದೋಣಿಯಲ್ಲಿ ಒಂದು ಬಕೆಟ್ಟು, ಒಂದು ಪರದೆ ಬಿಟ್ಟರೆ ಬೇರೆ ಅನುಕೂಲವಿಲ್ಲ. ಇದನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಆ ರಾತ್ರಿ ತೆರೆದ ಕಡಲಿನಲ್ಲೇ ಲಂಗರು ಹಾಕಿ ತೊಟ್ಟಿಲಿನಂತೆ ಹೊಯ್ದಾಡುತ್ತಾ ಮಲಗಿದ್ದಾಗ ನನಗೆ ಅಜ್ಜ ನೆನಪಾದರು.

ನಮ್ಮ ತಾಯಿಯ ತಂದೆ ಮಂಗಳೂರಿನ ಬಂದರಿನಲ್ಲಿ ಹಂಚು ಸಾಗಿಸುವ ಮಂಜಿಗಳಿಗೆ, ಅಂದರೆ ಸರಕಿನ ಹಾಯಿಹಡಗುಗಳಿಗೆ, ಗುಮಾಸ್ತರಾಗಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಮ್ಮ ಹೊಳೆಗಳ ಆವೆಮಣ್ಣು ಹಂಚಾಗಿ, ಹಾಯಿ ಏರಿ, ದೂರದೂರದ ಬಂದರುಗಳಿಗೆ ಹೋಯಿತು. ಲಕ್ಷದ್ವೀಪದ ಅಮೀನಿ ದ್ವೀಪಗಳಿಂದ ಕೊಬ್ಬರಿ, ತೆಂಗಿನ ನಾರಿನ ಹುರಿ ಹೇರಿಕೊಂಡ ಓಡಗಳೆಂಬ ಹಾಯಿದೋಣಿಗಳು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಆ ದ್ವೀಪಗಳೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಒಂದೇ ದಿನ ಎರಡೂ ಆ ಜಿಲ್ಲೆಯಿಂದ ಹೊರಬಿದ್ದವು. ದ್ವೀಪ ಕೇಂದ್ರಾಡಳಿತಕ್ಕೆ, ನಾವು ಕೇರಳಕ್ಕೆ. ಅಜ್ಜ ಮಂಜಿಯಲ್ಲಿ ಹೋಗುವ ದಿನ ರಾತ್ರಿಯೂಟ ಮುಗಿಸಿಯೇ ಮನೆಯಿಂದ ಹೊರಡುತ್ತಿದ್ದರಂತೆ. ಎಲ್ಲರೂ ಮಲಗುವ ಹೊತ್ತಿಗೆ ಅಪ್ಪ ಹೋಗುತ್ತಾರಲ್ಲ ಎಂದು ಅಮ್ಮ ಅಳುತ್ತಿದ್ದಳಂತೆ. ಯಾಕೆ ರಾತ್ರಿಯೇ ಹೊರಡಬೇಕಿತ್ತು ಎಂದು ಅಮ್ಮನಿಗೂ ಗೊತ್ತಿರಲಿಲ್ಲ. ಆ ರಾತ್ರಿ ಎರಡು ಗಂಟೆಯ ಸುಮಾರಿಗೆ ಘಟ್ಟದ ಕಡೆಯಿಂದ ತಣ್ಣಗೆ, ಒಣಹುಲ್ಲಿನ ವಾಸನೆ ಹೊತ್ತ ಗಾಳಿ ಬಂದು ನನ್ನ ಸೆರಗು ಕಡಲಿನ ಕಡೆಗೆ ಹಾರಿದಾಗ ನನಗೆ ಉತ್ತರ ಸಿಕ್ಕಿತು. ಮೂಡುಗಾಳಿ ಬಡಗಿಗೆ ಹೋಗುವವರಿಗೂ ತೆಂಕಿಗೆ ಹೋಗುವವರಿಗೂ ಪಕ್ಕೆಯಿಂದ ಬೀಸುತ್ತದೆ. ಪಕ್ಕೆಯ ಗಾಳಿ ಹಾಯಿಗೆ ಎಲ್ಲಕ್ಕಿಂತ ಹಿತ. ಆ ಗಾಳಿ ಇರುವುದು ರಾತ್ರಿ ಮಾತ್ರ.

ತಮ್ಮನನ್ನು ಎಬ್ಬಿಸಿದೆ. ಹಾಯಿ ಏರಿಸಿದೆವು. ಮುಂದಿನ ನಾಲ್ಕು ಗಂಟೆಗಳನ್ನು ನಾನು ಸಾಯುವ ತನಕ ಮರೆಯಲಾರೆ. ನೀರು ಹಲಗೆಯಂತೆ ಸಮವಾಗಿತ್ತು. ದೋಣಿ ಸೀಳಿದಲ್ಲೆಲ್ಲ ತಿಳಿಹಸಿರು ಬೆಳಕು ಹೊತ್ತಿಕೊಳ್ಳುತ್ತಿತ್ತು. ನಾಕ್ಟಿಲ್ಯೂಕ ಎಂಬ ಬರಿಗಣ್ಣಿಗೆ ಬರೀ ಚುಕ್ಕಿಯಂತೆ ಕಾಣುವಷ್ಟು ಸಣ್ಣ ಜೀವಿ, ನೀರು ಕಲಕಿದಾಗ ಮಿನುಗುತ್ತದೆ. ಕೈ ಅದ್ದಿದರೆ ಬೆರಳುಗಳಿಂದ ಬೆಳಕು ಸೋರುತ್ತಿತ್ತು. ದಡದಲ್ಲಿ ರೈಲು ಹೋಗುವುದು ಕಾಣುತ್ತಿತ್ತು, ಅದರ ಸದ್ದು ತಡವಾಗಿ ಬರುತ್ತಿತ್ತು. ತಮ್ಮ ಮೂವತ್ತು ವರ್ಷ ಎಂಜಿನಿನ ಸದ್ದಿನಲ್ಲಿ ಕಡಲು ಸುತ್ತಿದವನು. “ಅಕ್ಕ, ಕಡಲಿಗೆ ಇಷ್ಟು ಮೌನ ಇದೆ ಎಂದು ನನಗೆ ಗೊತ್ತಿರಲಿಲ್ಲ” ಎಂದ.

ಬೆಳಗಾಗುವಾಗ ಬೇಕಲ ಮುಟ್ಟಿ, ಆ ಹಗಲು ಕೋಟೆಯ ತೆಂಕಿನ ಮರೆಯಲ್ಲಿ ವಿಶ್ರಾಂತಿ ಪಡೆದೆವು. ಅಲ್ಲಿ ಇನ್ನೊಂದು ಸಂಗತಿ ನಡೆಯಿತು. ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಸಂಜೆಗೆ ದೊಡ್ಡ ಉದ್ದನೆಯ ಅಲೆಗಳು ನೈಋತ್ಯದಿಂದ ಬಂದು ಮರಳಿನ ಮೇಲೆ ಮುರಿಯತೊಡಗಿದವು. ಇಂಥ ಅಲೆಗಳು ತೀರ ಹೆಚ್ಚಾದಾಗ ಮಲಯಾಳದ ಮೀನುಗಾರರು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನಂತೆ ಸುಳಿವು ಕೊಡದೆ ಬರುವ ಕಡಲು. ಸಾವಿರಾರು ಮೈಲಿ ದೂರ, ಹಿಂದೂ ಮಹಾಸಾಗರದ ತೀರ ತೆಂಕಿನಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಂಡೆಗೆ ಬಂದು ಬೀಳುತ್ತವೆ. ಮೀನುಗಾರರ ಈ ಮಾತನ್ನು ಈಗ ವಿಜ್ಞಾನಿಗಳೂ ತಮ್ಮ ಪರಿಭಾಷೆಯಾಗಿ ಒಪ್ಪಿದ್ದಾರೆ. ಹೈದರಾಬಾದಿನ ಇನ್‌ಕೋಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಮುನ್ನೆಚ್ಚರಿಕೆಯನ್ನೂ ಕೊಡುತ್ತದೆ. ಅವತ್ತೂ ಅಲೆಯ ಸೂಚನೆ ನನ್ನ ಮೊಬೈಲಿಗೆ ಬಂದಿತ್ತು, ಮಲಯಾಳದಲ್ಲಿ. ನನಗೆ ಮಲಯಾಳ ಓದಲು ಬರುತ್ತದೆ. ನಮ್ಮ ಕಡಪ್ಪುರದ, ಅಂದರೆ ಕಡಲತಡಿಯ ಕೇರಿಯ, ಎಷ್ಟೋ ಮೊಗವೀರ ಹಿರಿಯರಿಗೆ ಬರುವುದಿಲ್ಲ. ಅವರು ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಓದಿದವರು. ಅವರ ಅಣ್ಣತಮ್ಮಂದಿರು ಉಳ್ಳಾಲದಲ್ಲಿ ಅದೇ ಅಲೆಯ ಸುದ್ದಿಯನ್ನು ಕನ್ನಡದಲ್ಲಿ ಓದುತ್ತಾರೆ. ಕೇರಳ, ಕರ್ನಾಟಕ ಗಡಿಯ ತಲಪಾಡಿಯ ಗೇಟು ಕಡಲಿನಲ್ಲಿ ಇಲ್ಲವಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಭಾಷಾ ಅಲ್ಪಸಂಖ್ಯಾತರಿಗೆ ಸರಕಾರ ರೇಷನ್ ಕಾರ್ಡಿನ ಅರ್ಜಿಯನ್ನು ಕನ್ನಡದಲ್ಲಿ ಕೊಡಬೇಕೆಂದು ನಾವು ಹೋರಾಡುತ್ತಾ ಬಂದಿದ್ದೇವೆ. ಪ್ರಾಣ ಉಳಿಸುವ ಎರಡು ಸಾಲನ್ನು ಕನ್ನಡದಲ್ಲಿ ಕೇಳುವುದನ್ನು ಮಾತ್ರ ಯಾಕೋ ಮರೆತಿದ್ದೇವೆ.

ಈಗ ಅಳಿವೆಯ ವಿಷಯ. ನಾನು ಪತ್ರ ಬರೆಯಲು ಕುಳಿತದ್ದೇ ಇದಕ್ಕಾಗಿ.

ಹಾಯಿದೋಣಿಯವರಿಗಾಗಲಿ ನಾಡದೋಣಿಯವರಿಗಾಗಲಿ ಈ ಕರಾವಳಿಯಲ್ಲಿ ಅಪಾಯ ಇರುವುದು ನಡುಗಡಲಿನಲ್ಲಲ್ಲ, ಮನೆಯ ಬಾಗಿಲಿನಲ್ಲಿ. ಮಳೆಗಾಲದಲ್ಲಿ ಹೊಳೆ ಉಕ್ಕಿ ಮರಳನ್ನು ಕಡಲಿಗೆ ತಳ್ಳುತ್ತದೆ, ಬಾಯಿ ಅಗಲವಾಗಿ ಆಳವಾಗಿರುತ್ತದೆ. ಮಳೆ ನಿಂತ ಮೇಲೆ ಹೊಳೆ ಬಡವಾಗುತ್ತದೆ, ಅಲೆಗಳು ಅದೇ ಮರಳನ್ನು ಮತ್ತೆ ತಂದು ಬಾಯಿಗೆ ಒಟ್ಟುತ್ತವೆ. ನೀರಿನಡಿಯಲ್ಲಿ ದಿಣ್ಣೆ ಬೆಳೆಯುತ್ತದೆ, ದಾರಿ ಕಿರಿದಾಗುತ್ತದೆ. ಒಮ್ಮೆ ಬಡಗು ದಡಕ್ಕೆ ಅಂಟಿಕೊಂಡ ದಾರಿ ಮುಂದಿನ ಹುಣ್ಣಿಮೆಗೆ ತೆಂಕಿಗೆ ಸರಿದಿರುತ್ತದೆ. ಭರತದ ನೀರು ಒಳಕ್ಕೆ ಹರಿಯುವಾಗ ಅಲೆ ಉದ್ದವಾಗಿ, ಸೌಮ್ಯವಾಗಿ ಬರುತ್ತದೆ. ಇಳಿತದ ನೀರು ಹೊರಕ್ಕೆ ರಭಸದಿಂದ ಓಡುವಾಗ ಒಳಬರುವ ಅಲೆ ಅದಕ್ಕೆ ಢಿಕ್ಕಿ ಹೊಡೆದು ಗೋಡೆಯಂತೆ ಎದ್ದು, ದಿಣ್ಣೆಯ ಮೇಲೆ ಮುರಿಯುತ್ತದೆ. ಆದ್ದರಿಂದ ಒಳಹೋಗುವುದಿದ್ದರೆ ಭರತದ ಕೊನೆಯ ಭಾಗದಲ್ಲೇ ಹೋಗಬೇಕು. ಇದು ನಮ್ಮ ಮೀನುಗಾರ ಮಕ್ಕಳಿಗೂ ಗೊತ್ತು. ನಮಗೂ ಗೊತ್ತಿತ್ತು.

ಒಂಬತ್ತನೆಯ ದಿನ ಬೇಕಲದಿಂದ ನಡುರಾತ್ರಿ ಹೊರಟೆವು. ಮೂಡುಗಾಳಿ ಅವತ್ತು ದುರ್ಬಲ. ಬೆಳಕು ಹರಿಯುವಾಗ ಚಂದ್ರಗಿರಿ ಅಳಿವೆಯ ಎದುರಿಗಷ್ಟೇ ಇದ್ದೆವು. ಎಂಟಕ್ಕೆ ಗಾಳಿ ಸತ್ತಿತು. ಸಣ್ಣ ಔಟ್‌ಬೋರ್ಡ್ ಎಂಜಿನಿನ ಪೆಟ್ರೋಲಿಗೆ ನೀರು ಸೇರಿ ಅದು ಕೆಮ್ಮಿ ನಿಂತಿತು. ಚಳಿಗಾಲದಲ್ಲಿ ನಮ್ಮ ತೀರದ ಪ್ರವಾಹ ಬಡಗಿಗೆ ಹರಿಯುತ್ತದೆಯಾದ್ದರಿಂದ ದೋಣಿ ತಾನಾಗಿ ಮನೆಯ ಕಡೆಗೆ ತೇಲುತ್ತಿತ್ತು, ಅದೊಂದೇ ಸಮಾಧಾನ. ಹಾಯಿ ಅತ್ತಿತ್ತ ಬಡಿದುಕೊಳ್ಳುವ ಸದ್ದು, ನೆತ್ತಿಯ ಬಿಸಿಲು, ಮೂರೂವರೆ ಗಂಟೆ. ಕಡಲಗಾಳಿ ಎದ್ದು ನಾವು ಶಿರಿಯಾ ಅಳಿವೆಯ ಮುಂದೆ ಬಂದಾಗ ಎರಡು ಗಂಟೆ ದಾಟಿತ್ತು, ಇಳಿತ ಅರ್ಧ ಆಗಿತ್ತು. “ಹೊರಗೇ ಲಂಗರು ಹಾಕಿ ಸಂಜೆಯ ತನಕ ಕಾಯೋಣ ಅಕ್ಕ” ಎಂದ ತಮ್ಮ. ನನಗೆ ಬೆಳಗಿನಿಂದ ಹೊಟ್ಟೆಯಲ್ಲಿ ಒಂದು ಗುಟುಕು ನಿಂತಿರಲಿಲ್ಲ. ಮನೆಯ ತೆಂಗಿನ ಮರ ಕಣ್ಣಿಗೆ ಕಾಣುತ್ತಿತ್ತು. ಹೋಗಿಬಿಡೋಣ ಎಂದೆ. ಆ ಅವಸರ ನನ್ನದು, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಆದರೆ ಒಂದು ಮಾತು ಇದೆ. ದಾರಿಯ ಗುರುತಿಗೆಂದು ಮೀನುಗಾರರು ಮರಳಿನಲ್ಲಿ ನೆಟ್ಟಿದ್ದ ಅಡಿಕೆ ಮರದ ಕಂಬ, ಅದರ ತುದಿಯ ಬಿಳಿ ಬಟ್ಟೆ, ಹೋಗುವಾಗ ಇತ್ತು. ಬರುವಾಗ ಇರಲಿಲ್ಲ. ಬೇಕಲದಲ್ಲಿ ನಾವು ಕಂಡ ಆ ಅಲೆಗಳೇ ಅದನ್ನು ಕಿತ್ತಿರಬೇಕು. ಹೊರಡುವಾಗ ಎರಡು ಮಾರು ನೀರಿದ್ದ ಜಾಗ ಎಂದು ನೆನಪಿನಿಂದ ಅಂದಾಜು ಮಾಡಿ ದೋಣಿ ತಿರುಗಿಸಿದೆವು. ಅಲ್ಲಿ ಮೊಣಕಾಲು ನೀರಿತ್ತು. ಚುಕ್ಕಾಣಿ ಮರಳಿಗೆ ತಾಗಿ ಮುರಿಯಿತು. ಹಿಂದಿನಿಂದ ಬಂದ ಅಲೆ ದೋಣಿಯನ್ನು ಅಡ್ಡಕ್ಕೆ ತಿರುಗಿಸಿ ಮಲಗಿಸಿತು. ಹಾಯಿ ನೀರಿಗೆ ತಾಗಿದ್ದನ್ನು ಕಂಡೆ, ತಮ್ಮ ಇಲ್ಲದ್ದನ್ನು ಕಂಡೆ. ಎರಡನೆಯ ಅಲೆಗೆ ಅವನ ಕಿತ್ತಳೆ ಬಣ್ಣದ ಜಾಕೆಟ್ ಇಪ್ಪತ್ತು ಮಾರು ಆಚೆ ಎದ್ದಿತು. ಇಳಿತದ ನೀರು ಅವನನ್ನು ಹೊರಕ್ಕೆ ಒಯ್ಯುತ್ತಿತ್ತು. ನಾನು ಕೂಗಿದ್ದು ಏನೆಂದು ನೆನಪಿಲ್ಲ. ದಡದಲ್ಲಿ ಬಲೆ ಹೆಣೆಯುತ್ತಿದ್ದ ನಾಲ್ವರು ಹುಡುಗರು ನಾಡದೋಣಿಯನ್ನು ನೀರಿಗೆ ದೂಡಿ, ಮುರಿಯುವ ಅಲೆಯನ್ನು ಅದರ ಹೆಗಲಿನ ಮೇಲೆಯೇ ಹತ್ತಿ ದಾಟಿ, ಅವನ ಕಡೆಗೆ ಹಗ್ಗ ಎಸೆದರು. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು. “ಟೀಚರೇ, ಹಗ್ಗ ಹಿಡಿಯಿರಿ, ಹೆದರಬೇಡಿ” ಎಂದು ಕೂಗಿದವನು ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ಕಡಲನ್ನೇ ನೋಡುತ್ತಿದ್ದುದಕ್ಕೆ ನಾನು ಎಷ್ಟೋ ಸಲ ಬೈದಿದ್ದ ಹುಡುಗ.

ತಮ್ಮ ಬದುಕಿದ್ದಾನೆ. ಭುಜದ ಮೂಳೆ ಕೂಡಿದೆ, ದೋಣಿಗೆ ಹೊಸ ಚುಕ್ಕಾಣಿ ಆಗಿದೆ. ನಮ್ಮನ್ನು ಬಿಡಿ, ನಾವು ಇಷ್ಟಪಟ್ಟು ಕಡಲಿಗೆ ಹೋದವರು. ಆ ಹುಡುಗರು ದಿನಾ ಬೆಳಗಿನ ಜಾವ, ಹೊಟ್ಟೆಪಾಡಿಗಾಗಿ, ಅದೇ ಬಾಯಿಯಿಂದ ಹೊರಹೋಗಿ ಅದೇ ಬಾಯಿಯಿಂದ ಒಳಬರುತ್ತಾರೆ. ತಿರುವನಂತಪುರ ಜಿಲ್ಲೆಯ ಮುದಲಪ್ಪೊಳಿಯಲ್ಲಿ ಬಂದರಿನ ಬಾಯಿಯಲ್ಲೇ ದೋಣಿಗಳು ಮಗುಚಿ ಮೀನುಗಾರರು ಸತ್ತ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ನಮ್ಮ ಜಿಲ್ಲೆಯ ಸಣ್ಣ ಅಳಿವೆಗಳಲ್ಲಿ ಹಾಗಾಗುವ ತನಕ ಕಾಯಬೇಕೇ?

ಇದನ್ನೇ ಕೇಳಿಕೊಂಡು ಫೆಬ್ರವರಿಯಲ್ಲಿ ಅರ್ಜಿ ಹಿಡಿದು ಮೂರು ಕಚೇರಿಗಳಿಗೆ ಹೋದೆ. ಮೊದಲನೆಯದರಲ್ಲಿ ಅಳಿವೆ ಹೊಳೆಗೆ ಸೇರಿದ್ದು ಎಂದರು. ಎರಡನೆಯದರಲ್ಲಿ ಅದು ಕಡಲಿಗೆ ಸೇರಿದ್ದು ಎಂದರು. ಮೂರನೆಯದರಲ್ಲಿ ಅಲ್ಲಿ ಬಂದರು ಇಲ್ಲವಾದ್ದರಿಂದ ಗುರುತು ಹಾಕುವ ಪ್ರಶ್ನೆಯೇ ಬರುವುದಿಲ್ಲ ಎಂದು ಅರ್ಜಿಯನ್ನು ಮರಳಿಸಿದರು. ಬಂದರು ಇಲ್ಲದಿರಬಹುದು. ದೋಣಿಗಳಿವೆ, ಜನರಿದ್ದಾರೆ.

ನಾನು ಕೇಳುತ್ತಿರುವುದು ಮರೀನಾ, ಅಂದರೆ ವಿಹಾರದೋಣಿಗಳ ಬಂದರು, ಅಲ್ಲ. ಕೊಚ್ಚಿಯ ಬೋಳ್ಗಾಟಿಯಲ್ಲಿ ಅದು ಇದೆ, ಅಲ್ಲಿಯೇ ಇರಲಿ. ಮಳೆ ನಿಂತ ಮೇಲೆ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ, ಪ್ರತಿ ಅಳಿವೆಯ ಆಳ ಅಳೆಯಬೇಕು. ದಾರಿಯ ಎರಡೂ ಬದಿಗೆ ಒಂದೊಂದು ಕಂಬ, ರಾತ್ರಿ ಟಾರ್ಚಿಗೆ ಹೊಳೆಯುವ ಪಟ್ಟಿ ಅಂಟಿಸಿ, ಮರಳು ಸರಿದಂತೆ ಕಿತ್ತು ನೆಡಲು ಬರುವ ಹಾಗೆ ಇರಬೇಕು. ಆ ಕೆಲಸಕ್ಕೆ ಊರಿನ ತಾಂಡೇಲರನ್ನೇ, ಅಂದರೆ ದೋಣಿ ನಡೆಸುವ ಮುಖ್ಯಸ್ಥರನ್ನೇ, ಸಂಬಳ ಕೊಟ್ಟು ನೇಮಿಸಬೇಕು. ದಿಣ್ಣೆಯ ಮೇಲೆ ನೀರಿನ ಬಣ್ಣ ನೋಡಿ ಆಳ ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಹತ್ತು ವರ್ಷ ಕಳೆದರೆ ಅವರೂ ಇರುವುದಿಲ್ಲ. ಪಕ್ಕದಲ್ಲೊಂದು ಹಲಗೆ, ಅದರ ಮೇಲೆ ಆ ದಿನದ ಅಲೆ, ಗಾಳಿ, ಭರತ ಇಳಿತದ ಹೊತ್ತು, ಮಲಯಾಳದಲ್ಲಿಯೂ ಕನ್ನಡದಲ್ಲಿಯೂ. ಮಂಗಳೂರಿನ ಆ ಓದುಗರು ಇದನ್ನೂ ದುಡ್ಡು ಹೆಚ್ಚಾದವರಿಗೆ ಮಾಡುವ ಖರ್ಚು ಎನ್ನುವರೇ ಎಂದು ತಿಳಿಯಬಯಸುತ್ತೇನೆ.

ಕಳೆದ ವರ್ಷ ಮೇ ತಿಂಗಳಲ್ಲಿ, 2025ರಲ್ಲಿ, ನೌಕಾಪಡೆಯ ಇಬ್ಬರು ಹೆಣ್ಣುಮಕ್ಕಳು, ದಿಲ್ನಾ ಮತ್ತು ರೂಪಾ, ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಗೋವಾಕ್ಕೆ ಮರಳಿದರು. ದಿಲ್ನಾ ನಮ್ಮ ತೆಂಕಿನ ಕೋಝಿಕ್ಕೋಡಿನವರು. ಅದೇ ತಿಂಗಳು ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಡಗು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ದೇಶ ತನ್ನ ಹಾಯಿಯ ವಿದ್ಯೆಯನ್ನು ನೆನಪಿಸಿಕೊಳ್ಳುತ್ತಿರುವ ಕಾಲ ಇದು. ಆ ಹೊಲಿಗೆಯ ಹುರಿ ನಮ್ಮ ಹಿನ್ನೀರುಗಳ ವಿದ್ಯೆ. ಹೀಗಿರುವಾಗ ನಮ್ಮ ಮಕ್ಕಳು ಕಿಟಕಿಯಾಚೆಗೆ ನೋಡಿದ್ದಕ್ಕೆ ಬೈಸಿಕೊಳ್ಳಬಾರದು ಎಂದು ಈಗ ನನಗೆ ಬಲವಾಗಿ ಅನ್ನಿಸುತ್ತದೆ.

ಕೊನೆಯದಾಗಿ ಒಂದು ವಿಷಯ. ಮೊದಲ ವರ್ಷದಿಂದಲೂ ಪ್ರತಿ ಸಲ ಹೊರಡುವಾಗ, ಒಳಬರುವಾಗ, ಬಿದಿರಿನ ಗಳುವಿಗೆ ಗೆರೆ ಹಾಕಿ ಶಿರಿಯಾ ಅಳಿವೆಯ ಆಳ ಅಳೆದು ಬರೆದಿಟ್ಟಿದ್ದೇನೆ. ದಿನಾಂಕ, ಹೊತ್ತು, ಭರತವೋ ಇಳಿತವೋ, ದಾರಿ ಯಾವ ದಡಕ್ಕೆ ಹತ್ತಿರವಿತ್ತು ಎಂಬುದೆಲ್ಲ ಇದೆ. ಇನ್ನೂರು ಪುಟದ ಎರಡು ನೋಟ್ ಪುಸ್ತಕಗಳು. ಆ ಮೂರು ಕಚೇರಿಗಳಲ್ಲಿ ಯಾವುದರ ಅಧಿಕಾರಿಯಾದರೂ ಸರಿ, ಮೀನುಗಾರ ಸಂಘದವರಾದರೂ ಸರಿ, ಬಂದು ನಕಲು ಮಾಡಿಕೊಳ್ಳಬಹುದು. ನೂಲಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದ ಮೇಲೆ ನಾನೂ ಆ ನಾಲ್ವರು ಹುಡುಗರೂ ಸೇರಿ ಮತ್ತೆ ಅಳತೆ ಆರಂಭಿಸುತ್ತೇವೆ. ಕಂಬಕ್ಕೆಂದು ಹಿತ್ತಿಲಿನಲ್ಲಿ ಎರಡು ಅಡಿಕೆ ಮರ ಕಡಿಸಿ ಒಣಗಲು ಹಾಕಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಿಕೆ
ಕುಂಬಳೆ, ಕಾಸರಗೋಡು ಜಿಲ್ಲೆ